ಅಣ್ಣನ ಪಾರಿವಾಳ, ನನ್ನ ಖಾರ ಮಂಡಕ್ಕಿ

ಅಣ್ಣನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದಾಗ ಅಮ್ಮ ಓಣಿಗೆಲ್ಲ ಪೇಡ ಹಂಚಿದಳು. ನನ್ನ ಪಾಲಿಗೆ ಬಂದದ್ದು 14 ಪಾರಿವಾಳ.

"ಪುಟ್ಟಿ, ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಕಾಳು ಹಾಕು. ನೀರು ದಿನಾ ಬದಲಾಯಿಸು. ಬೇರೆ ಏನೂ ಮಾಡೋಕೆ ಹೋಗಬೇಡ" ಅಂತ ಹೇಳಿ ಅಣ್ಣ ಬೆಂಗಳೂರಿನ ಬಸ್ ಹತ್ತಿದ. ಆ ಕೊನೆಯ ಮಾತನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ದಾವಣಗೆರೆಯ ನಮ್ಮ ಮನೆಯ ಟೆರೇಸಿನಲ್ಲಿ ಹಳೇ ಹಲಗೆ, ಜಾಲರಿ ಸೇರಿಸಿ ಅಣ್ಣನೇ ಕಟ್ಟಿದ ಗೂಡಿದೆ. ಅದರಲ್ಲಿ 12 ಹೋಮರ್, ಒಂದು ಜೋಡಿ ಬಿಳಿ ಲಕ್ಕಾ. ಲಕ್ಕಾ ಅಂದರೆ ನವಿಲಿನ ಹಾಗೆ ಬಾಲ ಬೀಸಣಿಗೆ ಮಾಡಿಕೊಂಡು ಎದೆ ಉಬ್ಬಿಸಿ ನಡೆಯುತ್ತಲ್ಲ, ಅದು. ಹೆಣ್ಣು ಲಕ್ಕಾಕ್ಕೆ ಅಣ್ಣ ಬೆಳ್ಳಿ ಅಂತ ಹೆಸರಿಟ್ಟಿದ್ದ. ಗಂಡಿಗೆ ಹೆಸರೇ ಇರಲಿಲ್ಲ, 'ಬೆಳ್ಳಿ ಗಂಡ' ಅಷ್ಟೇ.

ನಾನು ಬಿ.ಇಡಿ ಮುಗಿಸಿ ಟಿಇಟಿಗೆ ಓದುತ್ತಾ ಮನೆಯಲ್ಲೇ ಇದ್ದೆ. ಗೆಳತಿಯರಲ್ಲಿ ಕೆಲವರಿಗೆ ಖಾಸಗಿ ಶಾಲೆಯಲ್ಲಿ ಕೆಲಸ, ಕೆಲವರಿಗೆ ಮದುವೆ. ಹಗಲಿಡೀ ನನ್ನ ಜೊತೆಗಿದ್ದದ್ದು ಗೈಡ್ ಪುಸ್ತಕ ಮತ್ತು ಈ ಹಕ್ಕಿಗಳು. ಆದರೆ ಹಕ್ಕಿಗಳಿಗೆ ನಾನು ಬೇಕಾಗಿರಲಿಲ್ಲ. ಕಾಳು ಹಾಕಿದರೆ ತಿಂದು ದೂರ ಸರಿಯುತ್ತಿದ್ದವು. ಅಣ್ಣ ಒಂದು ಶಿಳ್ಳೆ ಹಾಕಿದರೆ ಸಾಕು, ಪಕ್ಕದ ಬೀದಿಯ ನೀರಿನ ಟ್ಯಾಂಕ್ ಮೇಲಿದ್ದವೂ ಇಳಿದು ಬಂದು ಅವನ ಭುಜ, ತಲೆ, ಕೈ ಅಂತ ಕೂರುತ್ತಿದ್ದವು. ನಾನು ಶಿಳ್ಳೆ ಹಾಕಿದರೆ ಎದುರು ಮನೆ ಹುಡುಗ ತಿರುಗಿ ನೋಡುತ್ತಿದ್ದ, ಅಷ್ಟೇ.

ಟಿಇಟಿಗೆ ಓದುವವರಿಗೆಲ್ಲ ಸ್ಕಿನ್ನರ್ ಗೊತ್ತು. ಪುನರ್ಬಲನ ಅಂತ ಬಾಯಿಪಾಠ ಮಾಡಿರುತ್ತೇವೆ. ಆತ ಹೆಚ್ಚಿನ ಪ್ರಯೋಗಗಳಿಗೆ ಆರಿಸಿಕೊಂಡದ್ದು ಪಾರಿವಾಳಗಳನ್ನೇ. 1948ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಹಸಿದ ಪಾರಿವಾಳಗಳು ಏನೇ ಮಾಡಲಿ ಬಿಡಲಿ, ನಿಗದಿತ ಹೊತ್ತಿಗೊಮ್ಮೆ ಕಾಳು ಸಿಗುವ ಹಾಗೆ ಮಾಡಿದ್ದ. 8 ಹಕ್ಕಿಗಳಲ್ಲಿ 6 ಹಕ್ಕಿಗಳು ತಮ್ಮದೇ ಒಂದೊಂದು ಆಚರಣೆ ಬೆಳೆಸಿಕೊಂಡವು. ಒಂದು ಗಿರಕಿ ಹೊಡೆಯಿತು, ಒಂದು ತಲೆ ಅಲ್ಲಾಡಿಸಿತು. ತಾನು ಹೀಗೆ ಮಾಡಿದ್ದಕ್ಕೇ ಕಾಳು ಬಂತು ಅಂತ ಅವು ನಂಬಿದ ಹಾಗಿತ್ತು. ಪರೀಕ್ಷೆಗೆ ಅದೇ ನೀಲಿ ಪೆನ್ನು, ಅದೇ ಚೂಡಿದಾರ ಅಂತ ಹಟ ಹಿಡಿಯುವ ನಾನು ಇದನ್ನು ಓದಿ ನಕ್ಕಿದ್ದೆ.

ಸ್ಕಿನ್ನರ್ ಕಾಳು ಕೊಟ್ಟು ಕಲಿಸಿದ, ನಾನೂ ಏನಾದರೂ ಕೊಟ್ಟು ಒಲಿಸಿಕೊಳ್ಳೋಣ ಅನ್ನಿಸಿತು. ಬಿಸ್ಕತ್ತಿನ ಪುಡಿ, ಬ್ರೆಡ್ಡು, ಚಪಾತಿ ಚೂರು ಹಾಕಿದೆ. ಒಂದಿಷ್ಟು ಹತ್ತಿರ ಬಂದವು. ಸ್ಕಿನ್ನರ್ ಏನನ್ನು ಕೊಟ್ಟ, ಎಷ್ಟು ಕೊಟ್ಟ ಅಂತ ಮಾತ್ರ ನಾನು ಯೋಚಿಸಲಿಲ್ಲ. ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲವಲ್ಲ.

ಟಿಇಟಿ ಫಲಿತಾಂಶ ಬಂತು. ನನ್ನ ಇಬ್ಬರು ಗೆಳತಿಯರು ಪಾಸು. ನನಗೆ 3 ಅಂಕ ಕಡಿಮೆ. ಅವರು ಸಂಭ್ರಮಪಡಬೇಕೋ ನನ್ನನ್ನು ಸಮಾಧಾನ ಮಾಡಬೇಕೋ ತಿಳಿಯದೆ ಖಾರ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದರು. ದಾವಣಗೆರೆಯಲ್ಲಿ ಸಂತೋಷಕ್ಕೂ ದುಃಖಕ್ಕೂ ಮಂಡಕ್ಕಿಯೇ. ಟೆರೇಸಿನಲ್ಲಿ ಕೂತು ತಿಂದೆವು. ಉಳಿದದ್ದನ್ನು ಪೇಪರ್ ಸಮೇತ ಹಕ್ಕಿಗಳ ಮುಂದೆ ಸುರಿದೆ. ಶೇಂಗಾ ಮೊದಲು ಖಾಲಿ, ಆಮೇಲೆ ಪುಟಾಣಿ, ಆಮೇಲೆ ಮಂಡಕ್ಕಿ. ಅಂದು ಬೆಳ್ಳಿ ಮೊದಲ ಸಲ ನನ್ನ ಅಂಗೈಗೆ ಹತ್ತಿ ತಿಂದಿತು. ಆ ಪುಟ್ಟ ಕಾಲುಗಳ ಬಿಸಿ ಇವತ್ತಿಗೂ ನೆನಪಿದೆ. ಫೋಟೊ ತೆಗೆದು ಸ್ಟೇಟಸ್ ಹಾಕಿದೆ. 3 ಅಂಕ ಮರೆತೇ ಹೋಯಿತು.

ಮರುದಿನ ಬೆಳಿಗ್ಗೆ ನೀರಿನ ಬಟ್ಟಲು ಬರಿದಾಗಿತ್ತು. ಮತ್ತೆ ತುಂಬಿಸಿದೆ, ಮತ್ತೆ ಖಾಲಿ. ಗೂಡಿನ ನೆಲವೆಲ್ಲ ನೀರು ನೀರಾದ ಹಿಕ್ಕೆ. ಬೆಳ್ಳಿ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಓಡಿದೆ.

ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ, "ಏನು ತಿನ್ನಿಸಿದ್ರಿ?" ಹೇಳಿದೆ. ಅವರು ಬಯ್ಯಲಿಲ್ಲ. "ನಿಮ್ಮ ತೂಕ ಎಷ್ಟಮ್ಮ?" ಅಂದರು. 49 ಕೆ.ಜಿ ಅಂದೆ. "ಇದು 350 ಗ್ರಾಂ ಇದೆ. ಭಾಗಿಸಿ ನೋಡಿ." ಭಾಗಿಸಿದೆ. 140. ಅದು ತಿಂದ ಒಂದು ಹಿಡಿ ಖಾರ ಮಂಡಕ್ಕಿ ಅಂದರೆ, ನಾನು 140 ಹಿಡಿಯ ಉಪ್ಪು, ಎಣ್ಣೆಯನ್ನು ಒಂದೇ ಸಲಕ್ಕೆ ತಿಂದ ಹಾಗೆ.

ಔಷಧಿ ಕೊಟ್ಟರು. ಬೆಚ್ಚಗಿಡಿ, ಶುದ್ಧ ನೀರು ಸದಾ ಇರಲಿ ಅಂದರು. ಉಳಿದವು ಎರಡು ದಿನದಲ್ಲಿ ಚೇತರಿಸಿಕೊಂಡವು. ಬೆಳ್ಳಿ ಮೂರನೇ ದಿನ ಬೆಳಿಗ್ಗೆ ಡಬ್ಬಿಯಲ್ಲೇ ತಣ್ಣಗಾಗಿತ್ತು. ಫೋನ್ ಮಾಡಿದಾಗ ಡಾಕ್ಟರ್, "ಕೊಯ್ದು ಪರೀಕ್ಷೆ ಮಾಡದೆ ಉಪ್ಪಿನಿಂದಲೇ ಅಂತ ಹೇಳೋಕಾಗಲ್ಲ, ಮೊದಲೇ ಏನಾದರೂ ಕಾಯಿಲೆ ಇದ್ದಿರಲೂಬಹುದು" ಅಂದರು. ನನಗೆ ಸಮಾಧಾನವಾಗಲಿ ಅಂತ ಹೇಳಿದರೇನೋ. ಆಗಲಿಲ್ಲ. ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆ.

ಅಣ್ಣನಿಗೆ ಹೇಳಲಿಲ್ಲ.

ಆ ರಾತ್ರಿ ಅವನು ವಿಡಿಯೊ ಕಾಲ್ ಮಾಡಿ "ಬೆಳ್ಳಿ ಎಲ್ಲೇ ಕಾಣ್ತಿಲ್ಲ?" ಅಂದ. "ಮೊಟ್ಟೆ ಇಟ್ಟಿದೆ, ಕಾವಿಗೆ ಕೂತಿದೆ" ಅಂದೆ. ಬಾಯಿಗೆ ಬಂದ ಸುಳ್ಳು. ಅವನಿಗೆ ಖುಷಿಯೋ ಖುಷಿ. "ಹಂಗಾದ್ರೆ 18 ದಿನಕ್ಕೆ ಮರಿ. ಮರಿ ಬಂದ್ಮೇಲೆ ಹುಷಾರು ಪುಟ್ಟಿ. ಅಪ್ಪ-ಅಮ್ಮ ಎರಡೂ ಗಂಟಲ ಚೀಲದಲ್ಲಿ ಹಾಲಿನಂಥದ್ದು ಮಾಡಿ ಮರಿಗೆ ಕುಡಿಸ್ತವೆ. ಆಮೇಲೆ ತಾವು ತಿಂದ ಕಾಳನ್ನೇ ನೆನೆಸಿ ಕೊಡ್ತವೆ. ನೀನು ಅವಕ್ಕೆ ಏನು ಹಾಕ್ತೀಯೋ ಅದೇ ಮರಿ ಹೊಟ್ಟೆಗೆ ಹೋಗೋದು. ಕಂಡಕಂಡದ್ದು ಹಾಕಬೇಡ" ಅಂತ ಇಲ್ಲದ ಮರಿಗಳ ಬಗ್ಗೆ ಕಾಲು ಗಂಟೆ ಪಾಠ ಮಾಡಿದ. ನಾನು ಹೂಂ, ಹೂಂ ಅನ್ನುತ್ತಾ ಫೋನನ್ನು ಗೋಡೆ ಕಡೆ ತಿರುಗಿಸಿದೆ.

ಸುಳ್ಳು ಹೇಳುವವರು ಪಾರಿವಾಳದ ಮೊಟ್ಟೆಯ ಮೇಲೆ ಮಾತ್ರ ಹೇಳಬೇಡಿ. 18 ದಿನಕ್ಕೆ ಅವಧಿ ಮುಗಿಯುತ್ತದೆ.

ಆ ವಾರ ಅಮ್ಮ ಅಣ್ಣನ ಹಳೇ ಜೀನ್ಸ್ ಒಗೆಯಲು ಹಾಕುವಾಗ ಜೇಬು ಕೊಡವಿದಳು. ಬಿಳಿ ಬಿಳಿ ಕಾಳು ಉದುರಿದವು. ಸೂರ್ಯಕಾಂತಿ ಬೀಜದ ಹಾಗಿವೆ, ಆದರೆ ಚಿಕ್ಕವು, ಬಿಳಿಯವು. ಫೋಟೊ ತೆಗೆದು ಬಿ.ಇಡಿ ಹಾಸ್ಟೆಲಿನ ರೂಮ್‌ಮೇಟ್‌ಗೆ ಕಳಿಸಿದೆ. ಅವಳು ವಿಜಯಪುರದ ಕಡೆಯವಳು. ತಕ್ಷಣ ಉತ್ತರ ಬಂತು: "ಕುಸುಬಿ ಅದಲೇ ಹುಚ್ಚಿ! ನಮ್ಮ ಹೊಲದಾಗ ಜೋಳದ ಸುತ್ತ ಬಿತ್ತತೀವಿ. ಮುಳ್ಳಿರ್ತಾವ, ದನ ಒಳಗ ಬರಂಗಿಲ್ಲ."

ಅಣ್ಣನ ಶಿಳ್ಳೆಯ ಗುಟ್ಟು ಅಲ್ಲಿತ್ತು. ಕಾಳಿನ ಡ್ರಮ್ಮಿನ ಹಿಂದೆ ಹುಡುಕಿದರೆ ಹಳೇ ಬೋರ್ನ್‌ವಿಟಾ ಡಬ್ಬಿಯಲ್ಲಿ ಅರ್ಧದಷ್ಟು ಕುಸುಬೆ ಸಿಕ್ಕಿತು. "ಬೇರೆ ಏನೂ ಮಾಡಬೇಡ" ಅಂತ ನನಗೆ ಹೇಳಿ, ತಾನು ಮಾತ್ರ ಜೇಬಿನಲ್ಲಿ ಲಂಚ ಇಟ್ಟುಕೊಂಡು ಓಡಾಡುತ್ತಿದ್ದ ಮಹಾಶಯ!

ಆಮೇಲೆ ಸುಮ್ಮನೆ ಕೂರಲಿಲ್ಲ. ಔಷಧಿಯ ನೆಪದಲ್ಲಿ ಡಾಕ್ಟರ್ ಹತ್ತಿರ ಎರಡು ಸಲ ಹೋದೆ. ಪಾರಿವಾಳ ಸಾಕುವ ಹಿರಿಯರೊಬ್ಬರು ನಮ್ಮ ಹಿಂದಿನ ಬೀದಿಯಲ್ಲಿದ್ದಾರೆ, ಅವರನ್ನೂ ಕೇಳಿದೆ.

ಗಿಣಿ ಕಾಳಿನ ಸಿಪ್ಪೆ ಸುಲಿದು ತಿನ್ನುತ್ತದೆ. ಪಾರಿವಾಳ ಹಾಗಲ್ಲ, ಇಡೀ ಕಾಳನ್ನು ಗುಳುಂ ಮಾಡುತ್ತದೆ. ಅದು ಗಂಟಲ ಕೆಳಗಿನ ಚೀಲದಲ್ಲಿ ನೆನೆದು, ಆಮೇಲೆ ಗಟ್ಟಿ ಸ್ನಾಯುವಿನ ಹೊಟ್ಟೆಯಲ್ಲಿ ಸಣ್ಣ ಕಲ್ಲುಗಳ ಜೊತೆ ಅರೆಯುತ್ತದೆ. ಅದಕ್ಕೇ ಗೂಡಿನಲ್ಲಿ ಸಣ್ಣ ಕಲ್ಲುಪುಡಿ, ಕಪ್ಪೆಚಿಪ್ಪಿನ ಪುಡಿ ಇಡಬೇಕು. ಮೊಟ್ಟೆ ಚಿಪ್ಪನ್ನು ತೊಳೆದು, ಹೆಂಚಿನ ಮೇಲೆ ಬಿಸಿ ಮಾಡಿ, ಪುಡಿ ಮಾಡಿ ಇಟ್ಟರೂ ಮೊಟ್ಟೆ ಇಡುವ ಹೆಣ್ಣಿಗೆ ಸುಣ್ಣದ ಅಂಶ ಸಿಗುತ್ತದೆ. ಹಲ್ಲಿಲ್ಲದ, ಅಗಿಯದ ಹಕ್ಕಿಗೆ ಏನು ಕೊಟ್ಟರೂ ಅದು ನುಂಗುವ ಅಳತೆಯಲ್ಲಿರಬೇಕು. ಉಪ್ಪು, ಎಣ್ಣೆ, ಸಕ್ಕರೆ ಮುಟ್ಟಿರಬಾರದು. ನಮ್ಮ ತಿಂಡಿಯಲ್ಲಿ ಈ ಮೂರೂ ಇಲ್ಲದ್ದು ಯಾವುದಿದೆ ಹೇಳಿ?

ಎಷ್ಟು ಅನ್ನುವುದೇ ನನಗೆ ಹೆಚ್ಚು ತಲೆಗೆ ಹತ್ತಿದ ವಿಷಯ. ಒಂದು ಪಾರಿವಾಳ ದಿನಕ್ಕೆ ಸುಮಾರು 30 ಗ್ರಾಂ ಕಾಳು ತಿನ್ನುತ್ತದೆ. ಅದರಲ್ಲಿ ಮೆಕ್ಕೆಜೋಳ, ಬಿಳಿಜೋಳ, ಸಜ್ಜೆ, ಗೋಧಿ, ಒಣ ಬಟಾಣಿ, ಹೆಸರು ಎಲ್ಲ ಸೇರಿರಬೇಕು. ತಿಂಡಿ ಅನ್ನುವುದು ಇದರ ಹತ್ತನೇ ಒಂದು ಭಾಗವನ್ನು ಮೀರಬಾರದು. ಅಂದರೆ 3 ಗ್ರಾಂ. ಕುಸುಬೆಯಾದರೆ ಒಂದು ಟೀ ಚಮಚ, ಅದೂ ಗರಿಷ್ಠ. ನಾನು ಈಗ ಒಂದೊಂದಕ್ಕೆ 15–20 ಕಾಳು ಲೆಕ್ಕ ಹಿಡಿದು ಹಾಕುತ್ತೇನೆ. ಮೊದಮೊದಲು ಪಶ್ಚಾತ್ತಾಪಕ್ಕೆ ಡಬ್ಬಿ ಡಬ್ಬಿ ಕುಸುಬೆ ಸುರಿದೆ. ನಾಲ್ಕೇ ದಿನಕ್ಕೆ ಮೆಕ್ಕೆಜೋಳ, ಬಟಾಣಿಯನ್ನು ಕೊಕ್ಕಿನಿಂದ ಪಕ್ಕಕ್ಕೆ ಎಸೆದು ಕುಸುಬೆಗೇ ಕಾಯುತ್ತಾ ಕೂತವು. ಹಿರಿಯರು ನೋಡಿ, "ಎಣ್ಣೆಕಾಳಮ್ಮ ಅದು. ಕೊಬ್ಬು ಬಂದ್ರೆ ಹಾರೋದೂ ಇಲ್ಲ, ಮೊಟ್ಟೆ ಇಡೋಕೂ ಕಷ್ಟ" ಅಂದರು. ಮನೆಯೂಟ ಬಿಟ್ಟು ಗೋಬಿಗೆ ಕಾಯುವ ಹಾಸ್ಟೆಲ್ ಹುಡುಗಿಯರು ನೆನಪಾದರು. ನಾನೂ ಅವರಲ್ಲೊಬ್ಬಳೇ.

ಶೇಂಗಾ ಕೂಡ ಪಾರಿವಾಳಕ್ಕೆ ಪ್ರಾಣ. ಹಸಿಯದು, ಉಪ್ಪು ಹಾಕದ್ದು, ನಾಲ್ಕು ಚೂರು ಮಾಡಿ, ದಿನಕ್ಕೆ ಎರಡು ಬೀಜ ಸಾಕು. ಚಳ್ಳಕೆರೆಯಲ್ಲಿ ನನ್ನ ಚಿಕ್ಕಮ್ಮನ ಮನೆ. ಆ ಊರು ಶೇಂಗಾ ಎಣ್ಣೆಗೆ ಹೆಸರುವಾಸಿ. ಚಿಕ್ಕಮ್ಮ ಪ್ರೀತಿಯಿಂದ ಒಂದು ಚೀಲ ಕಳಿಸಿದಳು. ಮಳೆಗಾಲ, ತಳದ ಬೀಜಗಳಿಗೆ ಸಣ್ಣಗೆ ಬೂಷ್ಟು ಹಿಡಿದಿತ್ತು. ಹಕ್ಕಿಗಲ್ವಾ, ಪರವಾಗಿಲ್ಲ ಅಂತ ಅಮ್ಮ. ಪರವಾಗಿದೆ. ಶೇಂಗಾ, ಮೆಕ್ಕೆಜೋಳಗಳಿಗೆ ಹಿಡಿಯುವ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಯಕೃತ್ತನ್ನು ಹಾಳು ಮಾಡುತ್ತದೆ. ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಚೀಲದ ತಳ ತಿಪ್ಪೆಗೆ ಹೋಯಿತು. ಚಿಕ್ಕಮ್ಮನಿಗೆ ಇದನ್ನೂ ಹೇಳಿಲ್ಲ, ಈ ಪುಟ ಅವಳ ಕೈಗೆ ಸಿಗದಿರಲಿ.

ಇನ್ನೊಂದು ವಿಷಯವನ್ನು ನಮ್ಮ ಜಿಲ್ಲೆಯವರಿಗೆ ಒತ್ತಿ ಹೇಳಬೇಕು. ಇಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳ. ಬಿತ್ತನೆ ಮುಗಿದ ಮೇಲೆ ಮಾವ ಉಳಿದ ಬೀಜದ ಪ್ಯಾಕೆಟ್ ತಂದುಕೊಟ್ಟ, "ನಿನ್ನ ಪಾರಿವಾಳಕ್ಕೆ ಹಾಕು" ಅಂತ. ಕಾಳೆಲ್ಲ ಗುಲಾಬಿ ಬಣ್ಣ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ, ಕೀಟನಾಶಕ ಲೇಪಿಸಿರುತ್ತಾರೆ, ಬಣ್ಣ ಹಾಕುವುದೇ ಯಾರೂ ತಿನ್ನದಿರಲಿ ಅಂತ. ಹಕ್ಕಿಗೆ ಬಣ್ಣದ ಅರ್ಥ ಗೊತ್ತಿಲ್ಲ. ಪ್ಯಾಕೆಟ್ ವಾಪಸ್ ಕೊಟ್ಟೆ.

ಸೊಪ್ಪಿನ ವಿಷಯಕ್ಕೆ ಬಂದರೆ ನನ್ನ ಹಕ್ಕಿಗಳು ನನ್ನ ಹಾಗೆಯೇ. ಕೊತ್ತಂಬರಿ, ಮೆಂತ್ಯ ಸಣ್ಣಗೆ ಹೆಚ್ಚಿ, ಕ್ಯಾರೆಟ್ ತುರಿದು ಇಟ್ಟರೆ ಒಂದು ವಾರ ತಿರುಗಿಯೂ ನೋಡಲಿಲ್ಲ. ಎಂಟನೇ ದಿನ ಒಂದು ಹೋಮರ್ ರುಚಿ ನೋಡಿತು, ಅದನ್ನು ನೋಡಿ ಉಳಿದವು. ಮೊಳಕೆ ಹೆಸರು ಮಾತ್ರ ಮೊದಲ ದಿನವೇ ಖಾಲಿ. ನಮ್ಮೂರ ಬಿಸಿಲಿಗೆ ಮೊಳಕೆ ಬೇಗ ಹಳಸುತ್ತದೆ, ಹಾಗಾಗಿ ಒಂದು ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಡುತ್ತೇನೆ.

ಕೊಡಲೇಬಾರದ್ದು: ಬೆಣ್ಣೆಹಣ್ಣು, ಚಾಕೊಲೇಟು, ಚಹಾ-ಕಾಫಿ, ಈರುಳ್ಳಿ, ಹಸಿ ರಾಜ್ಮಾ ಮತ್ತು ನಮ್ಮ ಯಾವುದೇ ಕುರುಕಲು. ಬ್ರೆಡ್ಡು-ಬಿಸ್ಕತ್ತು ಹೊಟ್ಟೆ ತುಂಬಿಸುತ್ತದೆ, ಅಷ್ಟೇ. ಹಸಿ ಅಕ್ಕಿ ತಿಂದರೆ ಹೊಟ್ಟೆಯಲ್ಲಿ ಉಬ್ಬಿ ಹಕ್ಕಿ ಒಡೆದು ಸಾಯುತ್ತದೆ ಅಂತ ಗೆಳತಿಯೊಬ್ಬಳು ಹೆದರಿಸಿದ್ದಳು, ಅದು ಸುಳ್ಳು.

ಅದೇ ಗೆಳತಿ ಬಾಲ್ಕನಿಯಲ್ಲಿ ಒಂದು ಜೋಡಿ ಬಿಳಿ ಡವ್ ಸಾಕಿದ್ದಾಳೆ. ಅಂಗಡಿಯಲ್ಲಿ ಸಿಗುವ ಸಾಕು ತಳಿ. (ತೋಟದಲ್ಲಿ ಕಾಣುವ ಚುಕ್ಕೆ ಬೆಳವವನ್ನು ಹಿಡಿದು ಸಾಕಿದರೆ ಕಾನೂನಿನ ಪ್ರಕಾರ ಅಪರಾಧ, ಅದು ಕಾಡುಹಕ್ಕಿ.) ಡವ್ ತೂಕ ಪಾರಿವಾಳದ ಅರ್ಧವೂ ಇರುವುದಿಲ್ಲ. ಇವಳು ಇಡೀ ಶೇಂಗಾ ಹಾಕಿ, ತಿನ್ನಲ್ಲ, ಬಲು ಜಂಬ ಅಂತ ದೂರುತ್ತಿದ್ದಳು. ಜಂಬ ಅಲ್ಲ, ನುಂಗಲು ಆಗಲ್ಲ. ನವಣೆ ತೆನೆ ಒಂದನ್ನು ಪಂಜರಕ್ಕೆ ಕಟ್ಟು ಅಂದೆ. ಕೊಕ್ಕಿನಿಂದ ಒಂದೊಂದೇ ಕಾಳು ಕೀಳುತ್ತಾ ಅವು ಅರ್ಧ ದಿನ ಕಳೆದವಂತೆ. ತೆನೆ ಸಿಗದಿದ್ದರೆ ಬಿಡಿ ನವಣೆ, ಸಾಮೆಯೂ ಆಗುತ್ತದೆ. ಇಡೀ ದಿನ ಪಂಜರದಲ್ಲಿ ಕೂರುವ ಹಕ್ಕಿಗೆ ರುಚಿಯಷ್ಟೇ ಕೆಲಸವೂ ಬೇಕು. ಪದವಿ ಮುಗಿಸಿ ಮನೆಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ.

ನಾನೀಗ ಸಂಜೆ ಕಾಳು ಹಾಕುವ ಮುಂಚೆ, ಅವು ಹಸಿದಿರುವ ಹೊತ್ತಿಗೆ, ಬೋರ್ನ್‌ವಿಟಾ ಡಬ್ಬಿ ಅಲ್ಲಾಡಿಸುತ್ತೇನೆ. ಶಿಳ್ಳೆ ನನಗೆ ಒಲಿಯಲಿಲ್ಲ, ಡಬ್ಬಿ ಒಲಿಯಿತು. ಮೂರು ವಾರಕ್ಕೆ ಹೋಮರ್‌ಗಳು ಡಬ್ಬಿಯ ಸದ್ದಿಗೆ ಆಕಾಶದಿಂದ ಇಳಿದವು. ಅವು ಬರುವುದಕ್ಕೂ ಕಾಳು ಸಿಗುವುದಕ್ಕೂ ನಡುವೆ ತಡವಾಗಬಾರದು, ದಿನಾ ಅದೇ ಹೊತ್ತು, ಸ್ವಲ್ಪವೇ ಸ್ವಲ್ಪ. ಹತ್ತಿರ ಕೂತಾಗ ಕಣ್ಣು, ಮೂಗು, ರೆಕ್ಕೆ ಎಲ್ಲ ನೋಡಿಬಿಡಬಹುದು. ಯಾವುದಾದರೂ ಒಂದು ಕುಸುಬೆಗೂ ಬರಲಿಲ್ಲ ಅಂದರೆ ಅದಕ್ಕೆ ಹುಷಾರಿಲ್ಲ ಅಂತಲೇ ಲೆಕ್ಕ. ಅಮ್ಮನಿಗೆ ಉಬ್ಬಸ ಇರುವುದರಿಂದ ಗೂಡು ಗುಡಿಸುವುದು ನಾನೇ, ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ.

ಅಣ್ಣ ಮತ್ತೊಂದು ಭಾನುವಾರ ಮಧ್ಯಾಹ್ನ ಫೋನ್ ಮಾಡಿದ್ದ. "ಬೆಳ್ಳಿ?" ಅಂದ. "ಮೊಟ್ಟೆ ಮೇಲೆ ಕೂತಿದೆ" ಅಂದೆ. ಒಂದು ಕ್ಷಣ ಸುಮ್ಮನಾಗಿ "ಸರಿ ಬಿಡು" ಅಂದ. ಆಮೇಲೆ 18 ದಿನ ಕಳೆಯಿತು, 20 ಆಯಿತು, ಅವನು ಮರಿಯ ಬಗ್ಗೆ ಕೇಳಲೇ ಇಲ್ಲ. ಕೆಲಸದ ಒತ್ತಡಕ್ಕೆ ಮರೆತ ಅಂದುಕೊಂಡೆ.

ದೀಪಾವಳಿಗೆ ಬಂದ. ಬ್ಯಾಗ್ ಇಟ್ಟವನೇ ಟೆರೇಸ್ ಹತ್ತಿದ. ನಾನು ಹಿಂದೆಯೇ ಹೋಗಿ, ಮೆಟ್ಟಿಲ ಮೇಲೆಯೇ ಎಲ್ಲ ಹೇಳಿಬಿಟ್ಟೆ. ಮಂಡಕ್ಕಿ, 140, ಕರಿಬೇವಿನ ಗಿಡ, ಎಲ್ಲ. ಅವನು ತಿರುಗಿ ನೋಡಲಿಲ್ಲ.

"ಆ ಭಾನುವಾರವೇ ಗೊತ್ತಾಯ್ತು" ಅಂದ. "ಕಾವು ಕೂರೋದು ಎರಡೂ. ರಾತ್ರಿಯೆಲ್ಲ ಹೆಣ್ಣು, ಮಧ್ಯಾಹ್ನ ಗಂಡು. ನೀನು ಮಧ್ಯಾಹ್ನ ಹನ್ನೆರಡಕ್ಕೆ ಬೆಳ್ಳಿ ಕೂತಿದೆ ಅಂದೆ. ಹಿಂದೆ ಗೂಡಿನ ಮೇಲೆ ಅದರ ಗಂಡ ಒಂದೇ ನಿಂತಿತ್ತು, ವಿಡಿಯೊದಲ್ಲಿ ಕಾಣ್ತಿತ್ತು."

"ಮತ್ತೆ ಕೇಳಲೇ ಇಲ್ಲ ನೀನು?"

"ನೀನೇ ಹೇಳ್ತೀಯ ಅಂತ ಇದ್ದೆ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು ಶಿಳ್ಳೆ ಹಾಕಿದ. ನಾಲ್ಕು ತಿಂಗಳಾಗಿದ್ದರೂ ಬಂದವು. ನಾನು ಡಬ್ಬಿಯ ಮುಚ್ಚಳದಲ್ಲಿ ಕುಸುಬೆ ಅಳೆದು ಕೊಟ್ಟೆ. ಅವನು ನೋಡಿ, ಅದರಲ್ಲಿ ಅರ್ಧ ವಾಪಸ್ ಡಬ್ಬಿಗೆ ಸುರಿದು, ಉಳಿದದ್ದನ್ನು ಅಂಗೈಯಲ್ಲಿಟ್ಟು ಕೂತ.

ಬೆಳ್ಳಿ ಗಂಡ ಮಾತ್ರ ಗೂಡಿನ ಮೇಲೆಯೇ ಇತ್ತು. ಅದು ನನ್ನ ಕೈಯಿಂದ ಇವತ್ತಿನವರೆಗೂ ತಿಂದಿಲ್ಲ. ನೆಲದ ಮೇಲೆ ನಾಲ್ಕು ಕಾಳು ಇಟ್ಟು ನಾನು ದೂರ ಹೋದರೆ ಇಳಿದು ಬಂದು ತಿನ್ನುತ್ತದೆ. ಮೊನ್ನೆ ಮೂರು ಹೆಜ್ಜೆ ದೂರದಲ್ಲಿ ನಾನು ಕೂತಿದ್ದರೂ ಇಳಿಯಿತು.